ಗಾರೆ ಒಣಗುವವರೆಗೆ

ಕೆ.ಆರ್. ಪೇಟೆಯ ಪುರಭವನದ ಬೀಗದಕೈ
ಮೂವತ್ತೊಂದು ವರ್ಷ ನನ್ನ ಉಡಿದಾರದಲ್ಲಿತ್ತು.
ಮನೆಕಂದಾಯ, ನಲ್ಲಿಕಂದಾಯ, ನಾಯಿಗೂ ಒಂದು ಕಂದಾಯ,
ಎಲ್ಲಕ್ಕೂ ಅಲ್ಲೇ ಕೂತು ರಸೀದಿ ಹರಿದೆ.
ಆಮೇಲೆ ಕಚೇರಿ ಬಸ್‌ಸ್ಟ್ಯಾಂಡಿನ ಪಕ್ಕಕ್ಕೆ ಹೋಯಿತು.
ಇಲ್ಲಿ ಉಳಿದದ್ದು ಮತಪೆಟ್ಟಿಗೆ, ಡಿಡಿಟಿ ಪುಡಿಯ ಚೀಲ,
ಕಾಲು ಮುರಿದ ಅಧ್ಯಕ್ಷರ ಕುರ್ಚಿ,
ಮುರಿದದ್ದು ಕುರ್ಚಿಯ ಕಾಲು, ಅಧ್ಯಕ್ಷರದ್ದಲ್ಲ,
ಮತ್ತೆ ಬಾವಲಿ.

ಈಗ ಸಂಗೀತದ ಶಾಲೆಯಂತೆ.
ಆದೇಶ ಬಂದಾಗ ನಕ್ಕೆ.
ಇಲ್ಲಿ ಮಾತೇ ನಿಲ್ಲುತ್ತಿರಲಿಲ್ಲ.
‘ಮಾನ್ಯರೇ’ ಎಂದರೆ ಸೂರಿಗೆ ಬಡಿದು
‘ರೇ, ರೇ’ ಎಂದು ಹಿಂದಿನ ಬೆಂಚಿಗೆ ಬೀಳುತ್ತಿತ್ತು.
ಬಜೆಟ್ಟು ಯಾರಿಗೂ ಕೇಳಿಸಿದ್ದಿಲ್ಲ,
ಹಾಗೇ ಪಾಸಾಗುತ್ತಿತ್ತು.

ಗಾರೆ ಮೇಸ್ತ್ರಿ ಪೀರಾಸಾಬ್ ಬಂದರು.
ಗೋಡೆಗೆ ಕಿವಿಯಿಟ್ಟು ಗೆಣ್ಣಿನಿಂದ ತಟ್ಟಿದರು
ಡಾಕ್ಟರು ಬೆನ್ನು ತಟ್ಟುವ ಹಾಗೆ.
‘ಸಿಮೆಂಟು ಮೆತ್ತಿಸಿದೋನು ಯಾವನು?
ಗೋಡೆಗೆ ಬಾಯಿ ಕಟ್ಬಿಟ್ಟವ್ನೆ.’
ಆ ಬಿಲ್ಲು ಓಡಾಡಿ ಪಾಸು ಮಾಡಿಸಿದ್ದು ನಾನೇ.
ಹೇಳಲಿಲ್ಲ.

ಸಿಮೆಂಟು ಕೆತ್ತಿದರು. ಅದರ ಕೆಳಗೆ ಹಸಿರು ಡಿಸ್ಟೆಂಪರು,
ಹಸಿರಿನ ಕೆಳಗೆ ಯಾವುದೋ ಚುನಾವಣೆಯ ನೀಲಿ,
ನೀಲಿಯ ಕೆಳಗೆ ಇದ್ದಿಲಲ್ಲಿ ಬರೆದ ಕೂಲಿಲೆಕ್ಕ:
ಗಂಡಾಳು ಹನ್ನೊಂದು, ಹೆಣ್ಣಾಳು ಹದಿನಾಲ್ಕು, ಕತ್ತೆ ಆರು.
ಹೆಸರು ಒಂದೂ ಇಲ್ಲ.

ಅಂಗಳದ ಗುಂಡಿಯಲ್ಲಿ ಇಪ್ಪತ್ತೊಂದು ದಿನ ಸುಣ್ಣ ಕೊಳೆಯಿತು.
ಅಳಲೆಕಾಯಿ ನೆನೆಹಾಕಿದ ನೀರು,
ಆಲೆಮನೆಯ ಬೆಲ್ಲ, ಅಚ್ಚಿನದಲ್ಲ, ಕಪ್ಪನೆಯದು.
ಇರುವೆ ಸಾಲಾಗಿ ಬಂದವು, ಶಾಲೆಗೆ ಮೊದಲ ದಾಖಲಾತಿ.
ನಾನೂ ಒಂದು ಚೂರು ಬಾಯಿಗೆ ಹಾಕಿಕೊಂಡೆ.
ಸಕ್ಕರೆ ಕಾಯಿಲೆ, ಆದರೂ.

ಮಣೆಯಲ್ಲಿ ಗೋಡೆ ತೀಡುತ್ತಾ ಪೀರಾಸಾಬ್ ಹೇಳಿದರು:
‘ಸಿಮೆಂಟು ನೀರು ಕುಡಿದು ಗಟ್ಟಿಯಾಗ್ತದೆ ಸ್ವಾಮಿ,
ಸುಣ್ಣ ಹಂಗಲ್ಲ. ಅದಕ್ಕೆ ಜನದ ಉಸಿರು ಬೇಕು.
ಉಸಿರು ಕುಡ್ಕೊಂಡು ಕುಡ್ಕೊಂಡು ಮತ್ತೆ ಕಲ್ಲಾಗ್ತದೆ.
ಬೀಗ ಹಾಕ್ಬೇಡಿ.’

ಇಷ್ಟು ವರ್ಷದಲ್ಲಿ ಯಾರೂ
ಬೀಗ ಹಾಕಬೇಡ ಅಂದಿರಲಿಲ್ಲ ನನಗೆ.

ವಾಲಗದ ಮಾಯಿಗಯ್ಯ ನೆನಪಾದ.
ತಹಸೀಲ್ದಾರರು ಬರಲಿ, ಮಂತ್ರಿ ಬರಲಿ,
ಜೀಪಿನ ಬಾಗಿಲಿಂದ ಮೂರನೇ ಮೆಟ್ಟಿಲವರೆಗೆ ಅವನ ನಾಗಸ್ವರ.
ಹೊಸ್ತಿಲಲ್ಲಿ ನಾನು ಕೈ ಎತ್ತುತ್ತಿದ್ದೆ: ಸಾಕು.
ಒಳಗೆ ಕಾಫಿ, ಬಾದುಷ. ಹೊರಗೆ ಅವನು
ವಾಲಗದ ಬಾಯಿ ಒರೆಸಿ ಟವೆಲಿನಲ್ಲಿ ಸುತ್ತುತ್ತಿದ್ದ.
ಹದಿನೈದು ರೂಪಾಯಿಯ ವೋಚರಿಗೆ ಹೆಬ್ಬೆಟ್ಟು.
ಅದರ ಪಕ್ಕದ ಬೆರಳುಗಳಿಗೆ ಎಷ್ಟು ರಾಗ ಗೊತ್ತಿತ್ತೋ,
ನಾನು ಕೇಳಿದವನಲ್ಲ.

ಅವನ ಮೊಮ್ಮಗಳೇ ಈಗ ಶಾಲೆಯ ಮೇಡಮ್ಮು.
ಹೆಸರು ಹೇಮಾವತಿ. ‘ನಮ್ಮ ಹೊಳೆ’ ಎಂದೆ.
‘ರಾಗವೂ ಹೌದು ಸಾರ್, ತಾತ ಇಟ್ಟಿದ್ದು’ ಎಂದಳು.
ಅರವತ್ತೆಂಟು ವರ್ಷ ಆ ನೀರು ಕುಡಿದಿದ್ದೇನೆ.

ಒಂಬತ್ತು ಮಕ್ಕಳು, ಇನ್ನೂ ಹಸಿಗೋಡೆ.
ಒರಗಬೇಡಿ, ಒರಗಬೇಡಿ ಎಂದು ಪೀರಾಸಾಬರ ಕೂಗು.
ಬಳೆಯಂಗಡಿಯವರ ಹುಡುಗ ಊದಿದ: ಬರೀ ಗಾಳಿ.
ಎರಡನೇ ಸಲ ಎಮ್ಮೆ. ಎಲ್ಲರೂ ನಕ್ಕರು.
ಮೂರನೇ ಸಲ ಕೂದಲೆಳೆಯಷ್ಟು ‘ಸ’ ಬಂತು,
ಮೇಲೆ ಹೋಯಿತು,
ಸೂರಿಗೆ ಬಡಿಯಲಿಲ್ಲ, ವಾಪಸು ಬೀಳಲಿಲ್ಲ,
ನಿಂತಿತು.
ಬಾವಲಿಯೊಂದು ಜಾಗ ಬದಲಾಯಿಸಿತು.

ಆಮೇಲೆ ಹೇಮಾವತಿ ಹೊರಗೆ ಹೋದಳು.
ಮೂರನೇ ಮೆಟ್ಟಿಲಲ್ಲಿ ನಿಂತು ಶುರು ಮಾಡಿದಳು,
ಊದುತ್ತಲೇ ಹತ್ತಿದಳು, ಹೊಸ್ತಿಲಿಗೆ ಬಂದಳು.
ನನ್ನ ಕೈ ಹಳೇ ಅಭ್ಯಾಸಕ್ಕೆ ಅರ್ಧ ಎದ್ದಿತ್ತು.
ತಲೆ ಕೆರೆದುಕೊಂಡೆ.
ಅವಳು ನೋಡಿದಳೋ ಇಲ್ಲವೋ,
ದಾಟಿ ಬಂದಳು, ನಿಲ್ಲಿಸದೆ,
ಒಂದೇ ಉಸಿರು ಎಷ್ಟುದ್ದ!

‘ಕುಡೀತಾ ಅದೆ’ ಎಂದರು ಪೀರಾಸಾಬ್, ಗೋಡೆ ತೋರಿಸಿ.
ಅಂಗೈಯಿಟ್ಟು ನೋಡಿದೆ.
ತಣ್ಣಗಿತ್ತು. ಇನ್ನೂ ಹಸಿ.