ಹಲ್ಲಿಗೆ ಕೇಳಿಸಿದ್ದು

ಬಳೇಪೇಟೆಯ ನಮ್ಮ ಅಂಗಡಿಗೆ
ಆ ಮಂಗಳವಾರ ಫಿಲೊಮಿನಾ ಮೇಡಂ
ಕೂಸನ್ನೆತ್ತಿಕೊಂಡು ಆಸ್ಪತ್ರೆಗೆ ಬಂದವರ ಹಾಗೆ ಬಂದರು.
ಟವೆಲ್ ಬಿಚ್ಚಿದರೆ
ಉದ್ದಕ್ಕೆ ಸೀಳಿದ ಪಪ್ಪಾಯಿಯಂಥದ್ದೊಂದು ವಾದ್ಯ.
‘ಅಯ್ಯೋ, ಕತ್ತೇ ಮುರಿದಿದೆಯಲ್ಲ’ ಎಂದೆ.
‘ಕತ್ತು ಹುಟ್ಟಿನಿಂದಲೇ ಹಾಗೆ, ಹಿಂದಕ್ಕೆ ಬಾಗಿದ್ದು.
ಮುರಿದದ್ದು ಬೆನ್ನು.’

ಲ್ಯೂಟ್ ಅಂತ ಹೆಸರು.
ಕೆಂಪೇಗೌಡರು ಈ ಪೇಟೆಗೆ ಮಣ್ಣಿನ ಕೋಟೆ ಕಟ್ಟಿಸುತ್ತಿದ್ದಾಗ
ಸಮುದ್ರದಾಚೆ ಊಟವಾದ ಮೇಲೆ ಜನ ಇದನ್ನು ಮೀಟುತ್ತಿದ್ದರಂತೆ.
ಇದು ಆಗಿನದಲ್ಲ. ಆಗಿನದರ ನಕಲು.

ಮಾವ ಮುನಿವೆಂಕಟಾಚಾರಿಗೆ
ಕಿವಿ ಕೈಕೊಟ್ಟು ಹತ್ತು ವರ್ಷ.
ವೀಣೆಯ ಶ್ರುತಿಯನ್ನೂ ಈಗ ಹಲ್ಲಲ್ಲೇ ನೋಡುವುದು,
ದಂಡಿಯ ಅಂಚನ್ನು ಮೆಲ್ಲಗೆ ಕಚ್ಚಿ.
ಲ್ಯೂಟಿನ ಹೊಟ್ಟೆಯ ಮೇಲಿನ ಜಾಲರಿ ಹೂವನ್ನು
ಹೆಬ್ಬೆರಳಿಂದ ಸವರಿ ಹೇಳಿದರು:
‘ಉಳಿ ಹಿಡಿದವನಿಗೆ ಅವಸರ ಇರಲಿಲ್ಲ.’

ಒಂದೇ ಹಲಸಿನ ತುಂಡು ಕೊರೆದು ಕೊಡ ಮಾಡಿದ ಕೈ ಅದು.
ಇದಕ್ಕೋ ದೋಣಿಯ ಹಾಗೆ ಹನ್ನೊಂದು ಪಕ್ಕೆಲುಬು,
ಬಾಳೆಹಣ್ಣಿನ ಸಿಪ್ಪೆಯಷ್ಟೇ ದಪ್ಪ.
ನಮ್ಮ ಮೆಟ್ಟಿಲು ಮೇಣದಲ್ಲಿ ಕೂರುತ್ತವೆ,
ಇದರವು ಕತ್ತಿಗೆ ಸುತ್ತಿ ಕಟ್ಟಿದ ಕರುಳು.
‘ಯಾವುದರದು?’
‘ಕುರಿಯದು’ ಎಂದು ಮೇಡಂ ಕೂಗಿ ಹೇಳಿದರು.
ಮಾವ ಕೈ ಹಿಂದೆಳೆದುಕೊಂಡರು.
ಆಮೇಲೆ ಗೋಡೆಯ ಮೇಲಿನ ಮೃದಂಗಗಳನ್ನು ನೋಡಿ
ತಮಗೆ ತಾವೇ ನಕ್ಕರು.

ಗಂಟು ಹಾಕಿದ್ದು ನಾನು.
ತುದಿಯನ್ನು ಊದುಬತ್ತಿಯ ಕೆಂಡಕ್ಕೆ ಮುಟ್ಟಿಸಿದರೆ
ಉಬ್ಬಿ ಗಟ್ಟಿಯಾಗುತ್ತದೆ, ಜಾರುವುದಿಲ್ಲ.
ಅಂಗಡಿ ತುಂಬ ಮಲ್ಲಿಗೆ ಮತ್ತು ಸುಟ್ಟ ಕೂದಲು.

ಗೋಂದು ಒಣಗುವ ತನಕ
ಮೇಡಂ ಫೋನಿನಲ್ಲಿ ತಮ್ಮ ಗುಂಪಿನ ಫೋಟೋ ತೋರಿಸಿದರು.
ಮೊಣಕಾಲ ನಡುವೆ ನಿಲ್ಲಿಸಿ ಕಮಾನು ಎಳೆಯುವ ವಯೋಲ್.
ಕೊಡೆಯ ಹಿಡಿಯಂತೆ ಬಾಗಿದ ಕ್ರಮ್‌ಹಾರ್ನ್,
ಅದರ ನಾಲಗೆ ಮುಚ್ಚಳದೊಳಗೆ, ತುಟಿಗೆ ಸಿಗುವುದೇ ಇಲ್ಲ,
ಊದಿದರೆ ಡಬ್ಬಿಯೊಳಗೆ ಜೇನುನೊಣ ಸಿಕ್ಕಿದ ಸದ್ದಂತೆ.
ಇದು ಷಾಮ್. ಇದನ್ನು ಮಾವ ತಕ್ಷಣ ಗುರುತಿಸಿದರು:
‘ಓಲಗದವರ ಮನೆಯದು. ಮದುವೆಯಾಗಿ ದೂರ ಹೋಗಿದೆ.’

‘ತಂಬೂರಿ ಯಾರು ಹಿಡಿಯುತ್ತಾರೆ?’
‘ಯಾರೂ ಇಲ್ಲ.
ನಾಲ್ಕು ದನಿ, ನಾಲ್ಕು ದಾರಿ.
ಒಬ್ಬಳು ಅಂದದ್ದನ್ನೇ ಇನ್ನೊಬ್ಬಳು ತಡವಾಗಿ ಎತ್ತಿಕೊಳ್ಳುತ್ತಾಳೆ,
ಅಷ್ಟರಲ್ಲಿ ಮೊದಲಿನವಳು ಮುಂದಿನ ಮಾತಿಗೆ ಹೋಗಿರುತ್ತಾಳೆ.’
‘ನಾಲ್ಕು ಸೊಸೆಯರಿರುವ ಮನೆ ಅನ್ನಿ’ ಎಂದರು ಮಾವ.
ಇರುವ ಒಬ್ಬ ಸೊಸೆ ನಾನು
ಬಿಲ್ಲಿನಲ್ಲಿ ‘ವೀಣೆ ರಿಪೇರಿ’ ಎಂದು ಬರೆದು,
‘ವೀಣೆ’ ಹೊಡೆದುಹಾಕಿ, ಏನು ತುಂಬುವುದೆಂದು ತಿಳಿಯದೆ
ಹಾಗೇ ಕೊಟ್ಟೆ.

ಕುಕ್ ಟೌನಿನ ಚರ್ಚ್ ಹಾಲ್, ಶನಿವಾರ ಸಂಜೆ.
ಫ್ಯಾನುಗಳನ್ನೆಲ್ಲ ನಿಲ್ಲಿಸಿದರು.
ಅಷ್ಟು ಸಣ್ಣ ದನಿ ಅದಕ್ಕೆ,
ಪಕ್ಕದವರ ಬಳೆ ಸರಿದರೂ ಮುಚ್ಚಿಹೋಗುವಷ್ಟು.
ಹೊರಗೆ ರೈಲು ಬಂತು. ಆರೂ ಜನ ಕಮಾನು ಎತ್ತಿಹಿಡಿದು,
ಉಸಿರು ಹಿಡಿದು ಕಾದರು.
ಮಾವ ಎರಡನೇ ಸಾಲಿನಲ್ಲಿ ಬೆವರುತ್ತ
ನುಡಿಸುವವರ ಬೆರಳುಗಳನ್ನು ನೋಡುತ್ತಿದ್ದರು,
ಬೀಗರ ಮನೆಯಲ್ಲಿ ಅರ್ಥವಾಗದ ಭಾಷೆಗೆ
ತಲೆದೂಗುವವರ ಹಾಗೆ.
ನನಗೆ ನೋಡಲಾಗಲಿಲ್ಲ.

ಕುರ್ಚಿ ಮಡಚುವ ಹೊತ್ತಿಗೆ ಮೇಡಂ ಕೆಳಗಿಳಿದು ಬಂದರು.
ಏನೂ ಕೇಳಲಿಲ್ಲ. ಪಕ್ಕದಲ್ಲಿ ಕೂತು
ಲ್ಯೂಟಿನ ಅಂಚನ್ನು ಅವರ ಗದ್ದಕ್ಕೆ ತಂದರು.
ಮಾವ ಕರವಸ್ತ್ರದಿಂದ ಬಾಯಿ ಒರೆಸಿಕೊಂಡು
ತಾವೇ ಅಂಟಿಸಿದ ಪಕ್ಕೆಲುಬಿಗೆ
ಕೆಳಗಿನ ಹಲ್ಲನ್ನು ಮುಟ್ಟಿಸಿದರು.
ನಾಲ್ಕು ದನಿಯನ್ನೂ ಒಂದೇ ವಾದ್ಯಕ್ಕಿಳಿಸಿದ ಪಾಠ.
ಅವರ ರೆಪ್ಪೆ ಮೊದಲು ಅಲುಗಿತು, ಆಮೇಲೆ ಕಾಲಿನ ಹೆಬ್ಬೆರಳು.

ಮುಗಿದಾಗ ಹೇಳಿದ್ದು ಇಷ್ಟೇ:
‘ಕೆಳಗಿನ ಜೋಡಿಯಲ್ಲಿ ಒಂದು ಎಳೆ ಇಳಿದಿದೆ.’
ಇಳಿದಿತ್ತು.

ಆಟೋ ಕಂಟೋನ್ಮೆಂಟ್ ದಾಟುವಾಗ
ಊರೆಲ್ಲ ಹಾರ್ನ್ ಒತ್ತುತ್ತಿರುವಾಗ
ಆ ಹಾರ್ನುಗಳಿಗಿಂತ ಗಟ್ಟಿಯಾಗಿ
ನನ್ನ ಕಿವಿಯ ಹತ್ತಿರ ಕೂಗಿದರು:
‘ಆ ಮೂರನೆಯವಳು, ನೋಡು,
ಹೆಚ್ಚು ಮಾತಿಲ್ಲ. ಆದರೆ ಮನೆ ನಡೆಸುವವಳು ಅವಳೇ.’