ವಿಳಾಸ ಹೇಳಿ

ಏಳು ಇಪ್ಪತ್ತು. ಕಾರು ಮನೆಯೆದುರು ನಿಂತಿದೆ.
ನಾನಿನ್ನೂ ಇಳಿದಿಲ್ಲ.
ಬ್ಯಾಲರಾಟಿನ ಜುಲೈ; ಗಾಜಿನ ಮೇಲೆ ಹಿಮದ ಹುಡಿ,
ಬಾಯಿಬಿಟ್ಟರೆ ಹೊಗೆ.
ತಲೆಯ ಸುತ್ತ ಹೆಡ್‌ಸೆಟ್ಟು ಒತ್ತಿದ ಗೆರೆ,
ಮುಟ್ಟಿದರೆ ಸಿಗುತ್ತದೆ, ಹೊರೆ ಇಳಿಸಿದ ಮೇಲೂ
ನೆತ್ತಿಯಲ್ಲಿ ಉಳಿವ ಸಿಂಬೆಯ ಗುರುತಿನ ಹಾಗೆ.

ರಾತ್ರಿಯೆಲ್ಲ ನನ್ನದು ಒಂದೇ ಮೊದಲ ಮಾತು:
ವಿಳಾಸ ಹೇಳಿ.
ನೋವು ಆಮೇಲೆ. ಹೆಸರೂ ಆಮೇಲೆ.
ಅಳುವವರನ್ನು ತಡೆದು, ಬೈಯುವವರನ್ನು ದಾಟಿ
ಮೊದಲು ಬೀದಿ, ಮೊದಲು ಮನೆ ಸಂಖ್ಯೆ.
ಆಂಬುಲೆನ್ಸು ಬಂತು ಎನ್ನುತ್ತಾರೆ, ಲೈನು ಕಡಿಯುತ್ತದೆ.
ಆ ಮುದುಕ ಕಣ್ಣು ತೆರೆದನೇ? ಆ ಕೂಸು ಅತ್ತಿತೇ?
ಯಾರೂ ತಿರುಗಿ ಫೋನು ಮಾಡಿ ಹೇಳುವುದಿಲ್ಲ.
ಹನ್ನೊಂದು ವರ್ಷದಿಂದ ನಾನು ಓದುತ್ತಿರುವುದು
ಕೊನೆಯ ಹಾಳೆ ಹರಿದ ಪುಸ್ತಕಗಳನ್ನೇ.

ಆಫೀಸಿನಲ್ಲೊಂದು ತರಬೇತಿ ಇತ್ತು, ಬಿಸ್ಕತ್ತಿನ ಸಮೇತ.
ನಾಲ್ಕು ಎಣಿಸಿ ಉಸಿರೆಳೆಯಿರಿ, ನಾಲ್ಕು ಎಣಿಸಿ ಬಿಡಿ,
ಕೆಲಸವನ್ನೊಂದು ಪೆಟ್ಟಿಗೆಯಲ್ಲಿಟ್ಟು ಮುಚ್ಚಿ
ಮನೆಗೆ ಹೋಗಿ, ಅಂದಳು ಡೆಬ್ರಾ.
ಪಾಪ, ಒಳ್ಳೆಯವಳು. ಅವಳ ಮನೆಯಲ್ಲಿ
ಇಂಗಿನ ಡಬ್ಬಿ ಇರಲಿಕ್ಕಿಲ್ಲ.
ಎಷ್ಟು ಬಿಗಿದು ಮುಚ್ಚಿದರೂ
ಕಪಾಟು ತುಂಬ ತಾನೇ ಇರುತ್ತದೆ ಅದು.

ಕಳೆದ ತಿಂಗಳು ಇಂಪನ ಜೋಕಾಲಿಯಿಂದ ಬಿದ್ದಳು.
ಮೊಣಕೈ ಹಿಡಿದು ಚೀರುತ್ತಿದ್ದಾಳೆ, ನಾನು
ನಿಂತಲ್ಲೇ, ಅದೇ ಇಸ್ತ್ರಿ ಹಾಕಿದ ದನಿಯಲ್ಲಿ:
"ರಕ್ತ ಬರುತ್ತಿದೆಯಾ? ಬೆರಳು ಆಡಿಸಲು ಆಗುತ್ತಿದೆಯಾ?"
ಶಿವಬಸು ಒಳಗಿಂದ ಓಡಿಬಂದು ಎತ್ತಿಕೊಂಡ.
"ಏ, ನಿನ್ನ ಮಗಳು ಅಕಿ," ಅಂದ. ಅಷ್ಟೇ ಅಂದ.

ಅದೇ ವಾರ, ರಾತ್ರಿ ಎರಡೂವರೆಗೆ, ಒಬ್ಬ ಹುಡುಗ.
ಎಂಟೋ ಒಂಬತ್ತೋ. ಅಜ್ಜಿ ಬಚ್ಚಲಲ್ಲಿ ಬಿದ್ದಿದ್ದಾಳೆ.
ವಿಳಾಸ ಹೇಳಿದ, ಚೆಂದ, ಅಕ್ಷರ ಬಿಡಿಸಿ.
ಆಮೇಲೆ ಅವನಿಗೆ ಅಳು ಬಂತು, ನನಗೆ ಬಾಯಿ ಜಾರಿತು:
"ಅಳಬ್ಯಾಡೋ ನನ್ನಪ್ಪಾ, ಬಂದ್ರು, ಬಂದ್ರು."
ಆ ಕಡೆ ಒಂದು ಗಳಿಗೆ ಮೌನ.
ಏನು ತಿಳಿಯಿತೋ, "ಓಕೆ" ಅಂದ.
ಧ್ವನಿಮುದ್ರಣ ಕೇಳಿದವರು ಬರೆದರು:
ಒಂದು ಕಡೆ ಮಾತು ಅಸ್ಪಷ್ಟ. ಎರಡು ಅಂಕ ಕಡಿತ.

ನಾನೂ ಶಿವಬಸುವೂ ಈಗೀಗ ಭೇಟಿಯಾಗುವುದು
ಹೆಚ್ಚಾಗಿ ಫ್ರಿಜ್ಜಿನ ಬಾಗಿಲಲ್ಲಿ.
"ಗ್ಯಾಸಿನ ಬಿಲ್ಲು ಕಟ್ಟೀನಿ." "ಅನ್ನ ಐತಿ, ಸಾರಿಲ್ಲ."
ಅವನದು ಆಲೂಗಡ್ಡೆ ಕಾರ್ಖಾನೆ, ಹಗಲು ಪಾಳಿ.
ಮಲಗುವಾಗ ಅವನ ಮಗ್ಗುಲಿಗೆ ಕೈಯಿಟ್ಟರೆ
ಒಮ್ಮೊಮ್ಮೆ ಇನ್ನೂ ಬೆಚ್ಚಗಿರುತ್ತದೆ.
ಆ ಬಿಸಿ ಅವನದೋ,
ಆರಿಸಲು ಮರೆತ ಕರೆಂಟು ಕಂಬಳಿಯದೋ,
ನಾನು ವಿಚಾರಿಸುವುದಿಲ್ಲ.

ಎಂಟು ನಿಮಿಷವಾಯಿತು. ಇಲ್ಲಿ, ಈ ಸೀಟಿನಲ್ಲಿ,
ನಾನು ಯಾರ ತಾಯಿಯೂ ಅಲ್ಲ, ಯಾರ ಲೈನಿನಲ್ಲೂ ಇಲ್ಲ.
ವಿಳಾಸ ಹೇಳಿ ಎಂದು ಈಗ ಯಾರಾದರೂ ಕೇಳಿದರೆ
ಏನು ಹೇಳಲಿ? ಸ್ಟೀರಿಂಗಿನ ಹಿಂದೆ.
ಹತ್ತಿರದ ಗುರುತು? ಯಾವುದೂ ಇಲ್ಲ.

ಅಷ್ಟರಲ್ಲಿ ಮೂಲೆಯಲ್ಲಿ ಕಸದ ಲಾರಿಯ ಗುರುಗುರು.
ಅಯ್ಯೋ, ಬುಧವಾರ!
ಓಡಿದೆ. ಹಿತ್ತಲಿನಿಂದ ಡಬ್ಬ ದರದರ ಎಳೆದು
ಮಂಜಿನ ಹುಲ್ಲಲ್ಲಿ ಜಾರಿ, ಮಂಡಿಯೂರಿ, ಎದ್ದು.
ಎದುರು ಮನೆಯ ಗ್ಲೆನಿಸ್, ಮಲಗಿದ್ದ ಗೌನಿನಲ್ಲೇ,
ಲಾರಿಗೆ ಅಡ್ಡ ನಿಂತು ಕೈ ತೋರುತ್ತಿದ್ದಾಳೆ, ಪೊಲೀಸಿನವಳ ಹಾಗೆ.
ಕಬ್ಬಿಣದ ತೋಳು ಬಂದು ಡಬ್ಬವನ್ನೆತ್ತಿ
ತಲೆಕೆಳಗು ಮಾಡಿ, ಎರಡು ಸಲ ಕೊಡವಿ, ಇಳಿಸಿತು.
ನನಗೆ ನಗು ಬಂತು. ಬಂದದ್ದು ನಿಲ್ಲಲಿಲ್ಲ.

ಬಾಗಿಲಲ್ಲಿ ಇಂಪನ, ಒಂದೇ ಕಾಲಿಗೆ ಕಾಲುಚೀಲ.
"ಅಮ್ಮಾ, ಇನ್ನೊಂದು ಎಲ್ಲಿ?"
ಗೊತ್ತಿಲ್ಲ ಕಣೇ, ಅಂದೆ.
ತಡಿ, ನನ್ನ ಮಂಡಿ ಸ್ವಲ್ಪ ನೋಡು, ತರಚಿದೆ.