ಟ್ರಯಲ್ ರೂಮಿನಲ್ಲಿ ಹಾಜರಿ

ಗದಗಿನಲ್ಲಿ ಹನ್ನೊಂದಾದರೆ ಅಜ್ಮಾನಿನಲ್ಲಿ ಒಂಬತ್ತೂವರೆ.
ಈ ಒಂದೂವರೆ ತಾಸಿನಲ್ಲಿ ಮಾತ್ರ
ಯಾರಿಗೂ ಪಾಲಿಲ್ಲ.

ಅಬಾಯಾ ಅಂಗಡಿಯ ಶಟರು ಅರ್ಧ ಎತ್ತಿ ನುಸುಳಿ
ಟ್ರಯಲ್ ರೂಮಿನ ಚಿಲಕ ಹಾಕಿ ಕೂತಿದ್ದೇನೆ,
ನೂಲಿನ ಡಬ್ಬಿಗೆ ಫೋನು ಒರಗಿಸಿ.
ಮೂರು ಕಡೆ ಕನ್ನಡಿ.
ಮಲಬಾರಿ ಮ್ಯಾನೇಜರು ಬರುವುದು ಹತ್ತಕ್ಕೆ.
ಸವಡಿ ವಕೀಲರು ರಾತ್ರಿ ಹೇಳಿದ್ದು ಎರಡೇ ಮಾತು:
ತಲೆ ಮೇಲೆ ಸೆರಗಿರಲಿ. ಮಶಿನ್ನಿನ ಮಾತು ಬಂದರೆ
ನೆನಪಿಲ್ಲ ಅನ್ನಿರಿ.

ಪರದೆಯಲ್ಲಿ ಮೊದಲು ಕಂಡದ್ದು ಫ್ಯಾನು,
ಆಮೇಲೆ ಯಾರದೋ ಕರಿಕೋಟಿನ ಬಗಲು.
ಹೊಲಿಗೆ ಬಿಟ್ಟಿದೆ.
ಕೈ ತುರಿಸಿತು.

ನನಗಿಂತ ಮೊದಲು ಹನ್ನೆರಡು ಕೇಸು,
ಬದುವಿನದು, ಬಾಡಿಗೆಯದು, ಸತ್ತವರ ವಾರಸುದಾರರದು.
ಹೊರಗೆ ಶಟರು ಪೂರ್ತಿ ಏರಿದ ಸದ್ದು.
ಆಗ ಕೂಗಿದರು:
ಮಮತಾಜಬಿ ಕೋಂ ಇಮಾಮಸಾಬ ಅಣ್ಣಿಗೇರಿ!
ಮೂರು ಸಲ.
ಮಣ್ಣು ಕೊಟ್ಟು ಆರು ವರ್ಷವಾದವನನ್ನೂ
ಸಮನ್ಸಿಲ್ಲದೆ ಎಬ್ಬಿಸಿ ನನ್ನ ಪಕ್ಕ ನಿಲ್ಲಿಸಿದರು.

"ಕೋಣೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ?"
ಇಲ್ಲ, ಸ್ವಾಮಿ.
"ಮತ್ತೆ ಹಿಂದೆ ಕೂತದ್ದು ಯಾರು?"
ನಾನೇರಿ.
"ಬಲಗಡೆ?"
ಅದೂ ನಾನೇ.
ಫೋನು ತಿರುಗಿಸಿ ತೋರಿಸಿದೆ. ಒಬ್ಬಳ ಹಿಂದೆ ಒಬ್ಬಳು
ಸಣ್ಣಾಗುತ್ತ ಹೋದ ಮಮತಾಜರು,
ಎಲ್ಲರ ಕೊರಳಲ್ಲೂ ಅಳತೆಯ ಪಟ್ಟಿ.
ಸಾಹೇಬರು ಬರೆಸಿದರು: ಸಾಕ್ಷಿ ಒಬ್ಬಳೇ ಇದ್ದಾಳೆ.

ಪಿಕೋ ಮಶಿನ್ನು, ಇಬ್ಬರೂ ಕೂಡಿ
ಇಪ್ಪತ್ತೊಂದು ಇಪ್ಪತ್ತೊಂದು ಸಾವಿರ ಹಾಕಿ ತಂದದ್ದು, ನಿಜವೇ?
ನಿಜ.
ಮಾರಿದಿರಾ?

ಪರದೆಯ ಮೂಲೆಗೆ, ಬೆಂಚಿನ ತುದಿಯಲ್ಲಿ ಶಾವಂತ್ರವ್ವ.
ನಾನೇ ಹೊಲಿದ ಹಸಿರು ಖಣದ ಕುಬಸ.
ಎಡತೋಳು ಬಿಗಿ ಆಗೇತಿ ಅಂದಿದ್ದಳು,
ಬಿಚ್ಚಿ ಕೊಡತೇನಿ ಅಂದಿದ್ದೆ.
ಈಗಲೂ ಬಿಗಿಯೇ.

ನೆನಪಿಲ್ಲ ಅನ್ನಬೇಕಿತ್ತು.
ಕನ್ನಡಿಯೊಳಗಿನ ಇಷ್ಟು ಜನರ ಮುಂದೆ ಹೇಗನ್ನಲಿ?
ಮಾರಿದೆ, ಅಂದೆ. ಅಕಿಗೆ ಹೇಳದೆ. ವೀಸಾಕ್ಕೆ.
ಸವಡಿ ವಕೀಲರ ಕೆಮ್ಮು
ಸಮುದ್ರ ದಾಟಿ ಬಂತು.

ಕರೆಯದೆಯೇ ಎದ್ದು ನಿಂತಳು ಶಾವಂತ್ರವ್ವ:
"ಕೊಂಡವ್ರು ಎಣ್ಣಿಗಿಣ್ಣಿ ಬಿಡತಾರಂತೇನ ಅದಕ್ಕ?"
"ಕೂಡ್ರಮ್ಮಾ," ಅಂದರು ಸಾಹೇಬರು.
ಟೈಪಿಸ್ಟು ಅದನ್ನು ಬಡಿಯಲಿಲ್ಲ.
ಉಳಿದ ಪಾಟೀಸವಾಲು ಹತ್ತೊಂಬತ್ತನೇ ತಾರೀಖಿಗೆ.

ಬಾಗಿಲು ಬಡಿಯುತ್ತಿತ್ತು.
ತೋಳ ಮೇಲೆ ಕರಿ ಅಬಾಯಾ ಹಾಕಿಕೊಂಡು ಗಿರಾಕಿ,
"ಖಲಾಸ್?"
ನನ್ನ ಬಾಯಿಗೆ ಬಂದದ್ದು ಬೆಟಗೇರಿ ಮಾತು:
ಇನ್ನೂ ಇಲ್ಲ ಬೇ.
ಅವಳಿಗೆ ತಿಳಿಯಲಿಲ್ಲ.
ಕೊರಳ ಪಟ್ಟಿ ತೆಗೆದು
ಮೊದಲು ಎಡತೋಳು ಅಳೆದೆ,
ಅರ್ಧ ಇಂಚು ಸಡಿಲ ಬಿಟ್ಟು ಬರೆದುಕೊಂಡೆ.